ಸೂತ್ರ ಕೊನೆಗಿರಲಿ: ಹೈಸ್ಕೂಲಿನ ಸಂಖ್ಯಾಶಾಸ್ತ್ರ ಮಕ್ಕಳ ನೆನಪಲ್ಲಿ ಉಳಿಯಬೇಕಾದರೆ

ಒಂದು ಕೋಷ್ಟಕ ಕೊಟ್ಟರೆ ಮಕ್ಕಳು ಸೂತ್ರಕ್ಕೆ ಹಾಕಿ ಸರಾಸರಿ 42.6 ಅಂತ ತಪ್ಪಿಲ್ಲದೆ ತೆಗೆದುಬಿಡುತ್ತಾರೆ. ‘ಸರಿ, ಈ 42.6ರಿಂದ ನಮಗೆ ಏನು ಗೊತ್ತಾಯಿತು?’ ಎಂದು ಕೇಳಿ ನೋಡಿ. ಯಾರೂ ಬಾಯಿ ಬಿಡುವುದಿಲ್ಲ. ಇದರಲ್ಲಿ ಮಕ್ಕಳ ತಪ್ಪೇನಿಲ್ಲ. ಆ ಅಂಕಿಗಳು ಎಲ್ಲಿಂದ ಬಂದವು, ಯಾರಿಗೆ ಬೇಕು ಎನ್ನುವುದೇ ಅವರಿಗೆ ಗೊತ್ತಿಲ್ಲ. ಕೇಳುವ ಪ್ರಶ್ನೆಯೇ ಇಲ್ಲದೆ ಮಾಡಿದ ಲೆಕ್ಕ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. ಅದಕ್ಕೇ ಪಾಠದ ಕ್ರಮವನ್ನು ತಿರುಗಿಸಬೇಕು. ಮೊದಲು ಊಹೆ, ಆಮೇಲೆ ಮಕ್ಕಳದೇ ಅಂಕಿಗಳು, ನಂತರ ಚಿತ್ರ. ಸೂತ್ರ ಎಲ್ಲಕ್ಕಿಂತ ಕೊನೆಗೆ.

1. ಅಂಕಿಗಳನ್ನು ತರಗತಿಯಲ್ಲೇ ಹುಟ್ಟಿಸಿ

ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರು ಕಣ್ಣು ಮುಚ್ಚಿಕೊಂಡು, 30 ಸೆಕೆಂಡ್ ಆಯಿತು ಅನ್ನಿಸಿದಾಗ ಕೈ ಎತ್ತಬೇಕು. ಇನ್ನೊಬ್ಬರು ಗಡಿಯಾರ ನೋಡಿ ನಿಜವಾದ ಸಮಯ ಬರೆದುಕೊಳ್ಳಬೇಕು. ಆಮೇಲೆ ಅದಲು ಬದಲು. ಐದು ನಿಮಿಷದೊಳಗೆ ಇಡೀ ತರಗತಿಯ ದತ್ತಾಂಶ ಸಿದ್ಧ. ಶುರು ಮಾಡುವ ಮೊದಲು ‘ನಮ್ಮ ತರಗತಿ ಬೇಗ ಕೈ ಎತ್ತುತ್ತದೋ, ತಡವಾಗಿಯೋ?’ ಎಂದು ಪ್ರತಿಯೊಬ್ಬರಿಂದ ಊಹೆ ಬರೆಸಿಕೊಳ್ಳಿ. ಒಮ್ಮೆ ಊಹೆ ಬರೆದುಕೊಟ್ಟ ಮೇಲೆ ಉತ್ತರ ಏನೆಂದು ತಿಳಿಯುವ ಆಸೆ ತಾನಾಗೇ ಬರುತ್ತದೆ ಅಲ್ವಾ?

ಒಂದು ಎಚ್ಚರಿಕೆ. ಮಕ್ಕಳ ಅಂಕ, ತೂಕ, ಮನೆಯ ವರಮಾನ ಇವುಗಳನ್ನು ದತ್ತಾಂಶವಾಗಿ ದಯವಿಟ್ಟು ಬಳಸಬೇಡಿ. ಎಲ್ಲರೆದುರು ಬೋರ್ಡಿನ ಮೇಲೆ ತಾನೇ ಕಟ್ಟಕಡೆಗೆ ಕಾಣಿಸಿಕೊಂಡ ಮಗುವಿಗೆ ಆ ದಿನ ನೆನಪಿರುವುದು ಸರಾಸರಿಯಲ್ಲ.

2. ಚುಕ್ಕೆ ಇಡಿಸಿ, ಸಾಲು ನಿಲ್ಲಿಸಿ

ಬೋರ್ಡಿನ ಮೇಲೆ ಉದ್ದಕ್ಕೆ ಸಂಖ್ಯಾರೇಖೆ ಎಳೆಯಿರಿ. ಒಬ್ಬೊಬ್ಬರೇ ಬಂದು ತಮ್ಮ ಸಂಖ್ಯೆಯ ಮೇಲೆ ಒಂದು ಚುಕ್ಕೆ ಇಡಲಿ. ಒಂದೇ ಸಂಖ್ಯೆ ಮತ್ತೆ ಬಂದರೆ ಚುಕ್ಕೆಯ ಮೇಲೆ ಚುಕ್ಕೆ. ಈಗ ಏನೂ ಹೇಳಿಕೊಡದೆ ‘ಏನು ಕಾಣುತ್ತಿದೆ?’ ಅಂತಷ್ಟೇ ಕೇಳಿ. ‘ಇಲ್ಲಿ ಗುಂಪಾಗಿದೆ’, ‘ಅದೊಂದು ದೂರ ಹೋಗಿದೆ’ ಎಂಬ ಮಾತುಗಳು ಬರುತ್ತವೆ. ಬಹುಲಕ (ಅತಿ ಹೆಚ್ಚು ಸಲ ಬಂದ ಸಂಖ್ಯೆ), ಹರಡಿಕೆ, ಹೊರಗುಳಿದ ಬೆಲೆ (ಉಳಿದವುಗಳಿಂದ ದೂರ ನಿಂತ ಸಂಖ್ಯೆ) ಎಲ್ಲವೂ ಅವರ ಬಾಯಲ್ಲೇ ಬಂತು. ನೀವು ಹೆಸರು ಹೇಳಿದರೆ ಸಾಕು.

ಮಧ್ಯಾಂಕಕ್ಕೆ ಮಕ್ಕಳನ್ನೇ ಎಬ್ಬಿಸಿ. ತಮ್ಮ ತಮ್ಮ ಸಂಖ್ಯೆಯ ಏರಿಕೆ ಕ್ರಮದಲ್ಲಿ ಸಾಲಾಗಿ ನಿಲ್ಲಲಿ. ಎರಡೂ ತುದಿಯಿಂದ ಒಬ್ಬೊಬ್ಬರು ಒಟ್ಟಿಗೇ ಕುಳಿತುಕೊಳ್ಳುತ್ತಾ ಬರಲಿ. ಕೊನೆಗೆ ನಿಂತವರೇ ಮಧ್ಯಾಂಕ. ಇಬ್ಬರು ಉಳಿದರೆ ಏನು ಮಾಡೋಣ ಎಂದು ಅವರನ್ನೇ ಕೇಳಿ.

ಈಗ ಸರಾಸರಿಗೂ ಮಧ್ಯಾಂಕಕ್ಕೂ ಇರುವ ವ್ಯತ್ಯಾಸ. 26, 28, 30, 31, 35 ಎಂಬ ಐದು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಸರಾಸರಿ 30, ಮಧ್ಯಾಂಕವೂ 30. ಕೊನೆಯ ಮಗು ಮೈಮರೆತು 85 ಸೆಕೆಂಡಿಗೆ ಕೈ ಎತ್ತಿತು ಎನ್ನಿ. ಸರಾಸರಿ 40ಕ್ಕೆ ಹಾರುತ್ತದೆ, ಮಧ್ಯಾಂಕ ಇದ್ದಲ್ಲೇ ಇರುತ್ತದೆ. ಐವರಲ್ಲಿ ನಾಲ್ವರು 40ಕ್ಕಿಂತ ಎಷ್ಟೋ ಕೆಳಗಿದ್ದಾರೆ! ಸಂಬಳದ ಸುದ್ದಿಯಲ್ಲಿ ಸರಾಸರಿ ಯಾಕೆ ದಾರಿ ತಪ್ಪಿಸುತ್ತದೆ ಅಂತ ಇನ್ನು ಬೇರೆ ಹೇಳಬೇಕಿಲ್ಲ.

3. ಮಾನಕ ವಿಚಲನೆಯನ್ನು ಅವರೇ ಕಟ್ಟಲಿ

ಮಾನಕ ವಿಚಲನೆ ಅಂದರೆ ಸಂಖ್ಯೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ. ಮಕ್ಕಳು ಜಾಸ್ತಿ ಹೆದರುವುದು ಇಲ್ಲೇ. ಇಲ್ಲಿ ಅವಸರ ಬೇಡ. ಎರಡು ಪಟ್ಟಿ ಬರೆಯಿರಿ: 28, 29, 30, 31, 32 ಮತ್ತು 10, 20, 30, 40, 50. ಎರಡರ ಸರಾಸರಿಯೂ 30. ‘ಎರಡನೆಯದು ಹೆಚ್ಚು ಹರಡಿದೆ ಅಂತ ಕಣ್ಣಿಗೆ ಕಾಣುತ್ತಿದೆ. ಎಷ್ಟು ಹರಡಿದೆ ಅಂತ ಒಂದೇ ಸಂಖ್ಯೆಯಲ್ಲಿ ಹೇಳಿ’ ಎಂದು ಅವರಿಗೇ ಬಿಡಿ. ಸರಾಸರಿಯಿಂದ ಪ್ರತಿ ಸಂಖ್ಯೆ ಎಷ್ಟು ದೂರ ಎಂದು ಕಳೆದು ಕೂಡಿಸುತ್ತಾರೆ. ಸೊನ್ನೆ ಬರುತ್ತದೆ. ಎರಡನೇ ಪಟ್ಟಿಗೂ ಸೊನ್ನೆಯೇ. ಆ ಗೊಂದಲ ಸ್ವಲ್ಪ ಹೊತ್ತು ಇರಲಿ. ಮೈನಸ್ ಚಿಹ್ನೆಯೇ ಅಡ್ಡಿ ಎಂದು ಯಾರಾದರೂ ಹೇಳುತ್ತಾರೆ. ಚಿಹ್ನೆ ಬಿಟ್ಟುಬಿಡೋಣ ಎನ್ನುವವರೂ ಇರುತ್ತಾರೆ, ವರ್ಗ ಮಾಡೋಣ ಎನ್ನುವವರೂ ಇರುತ್ತಾರೆ. ಎರಡೂ ಒಳ್ಳೆಯ ಯೋಚನೆಗಳೇ, ಎರಡೂ ಬಳಕೆಯಲ್ಲಿವೆ. ವರ್ಗದ ದಾರಿಯಲ್ಲಿ ಹೋಗಿ, ಆ ವರ್ಗಗಳ ಸರಾಸರಿ ತೆಗೆದು ಅದರ ವರ್ಗಮೂಲ ಕಂಡುಹಿಡಿದರೆ ಮೊದಲ ಪಟ್ಟಿಗೆ ಸುಮಾರು 1.4, ಎರಡನೆಯದಕ್ಕೆ ಸುಮಾರು 14.1. ಸರಿಯಾಗಿ ಹತ್ತು ಪಟ್ಟು. ಸೂತ್ರವನ್ನು ಈಗ ಬೋರ್ಡಿನ ಮೇಲೆ ಬರೆದರೆ ಅದರಲ್ಲಿ ವರ್ಗ ಯಾಕಿದೆ, ವರ್ಗಮೂಲ ಯಾಕಿದೆ ಎಂದು ಮಕ್ಕಳೇ ಹೇಳುತ್ತಾರೆ.

4. ನಾಣ್ಯದ ಆಟ

ಅರ್ಧ ತರಗತಿ ನಾಣ್ಯವನ್ನು ನಿಜವಾಗಿ 100 ಸಲ ಚಿಮ್ಮಿಸಿ ತಲೆ, ಬಾಲ ಎಂದು ಬರೆಯಲಿ. ಉಳಿದವರು ಸುಮ್ನೆ ಮನಸ್ಸಿನಲ್ಲೇ ಊಹಿಸಿ ನೂರು ಫಲಿತಾಂಶ ಬರೆಯಲಿ. ಅಷ್ಟೂ ಹೊತ್ತು ನೀವು ಹೊರಗಿರಿ. ಒಳಗೆ ಬಂದು ಹಾಳೆ ನೋಡಿ ನಿಜ ಯಾವುದು, ಸುಳ್ಳು ಯಾವುದು ಹೇಳಿ. ಗುಟ್ಟು ಇಷ್ಟೇ: ಒಂದೇ ಫಲಿತಾಂಶ ಸತತವಾಗಿ ಆರು ಸಲ ಬಂದಿದೆಯಾ ನೋಡಿ. ನಿಜವಾದ ನೂರು ಚಿಮ್ಮುವಿಕೆಯಲ್ಲಿ ಹೀಗಾಗುವ ಸಂಭವ ಶೇ 80ರಷ್ಟಿದೆ. ಊಹಿಸಿ ಬರೆಯುವವರು ಸತತ ಆರು ತಲೆ ಬರೆಯಲು ಹಿಂಜರಿಯುತ್ತಾರೆ. ಕೆಲವು ಹಾಳೆಗಳಲ್ಲಿ ನಿಮ್ಮ ಮಾತು ತಪ್ಪಾಗುತ್ತದೆ, ಆಗಲಿ. ಎಷ್ಟು ಸರಿ, ಎಷ್ಟು ತಪ್ಪು ಎಂಬ ಲೆಕ್ಕವೂ ಪಾಠವೇ.

5. ಒಂದೇ ಉತ್ತರ, ನಾಲ್ಕು ಚಿತ್ರ

1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಮ್ ಎಂಬ ಸಂಖ್ಯಾಶಾಸ್ತ್ರಜ್ಞ ನಾಲ್ಕು ದತ್ತಾಂಶಗಳನ್ನು ಪ್ರಕಟಿಸಿದರು. ಒಂದೊಂದರಲ್ಲೂ 11 ಜೋಡಿ ಸಂಖ್ಯೆ. ನಾಲ್ಕು ಗುಂಪುಗಳಿಗೆ ಒಂದೊಂದು ಹಂಚಿ ಸರಾಸರಿ ತೆಗೆಸಿ. ಎಲ್ಲರಿಗೂ ಜೋಡಿಯ ಮೊದಲ ಸಂಖ್ಯೆಗಳ ಸರಾಸರಿ 9, ಎರಡನೆಯ ಸಂಖ್ಯೆಗಳದು ಸುಮಾರು 7.5. ‘ಹಾಗಾದರೆ ಎಲ್ಲರದೂ ಒಂದೇ ದತ್ತಾಂಶ ಅಲ್ವಾ?’ ಎಂದು ಕೇಳಿ, ಗ್ರಾಫ್ ಹಾಳೆ ಕೊಡಿ. ಒಂದು ಗುಂಪಿಗೆ ಚದುರಿದ ಚುಕ್ಕೆಗಳು, ಒಂದಕ್ಕೆ ಬಾಗಿದ ರೇಖೆ, ಒಂದಕ್ಕೆ ನೇರ ರೇಖೆ ಬಿಟ್ಟು ಹೊರಗೆ ನಿಂತ ಒಂದೇ ಚುಕ್ಕೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕೆ ಕಂಬದಂತೆ ನಿಂತು ಒಂದು ಮಾತ್ರ ಬಹುದೂರ. ಹಾಳೆಗಳನ್ನು ಗೋಡೆಗೆ ಅಂಟಿಸಿ, ವರ್ಷವಿಡೀ ಅಲ್ಲೇ ಇರಲಿ.

6. ಕತೆಯನ್ನು ಅರ್ಧಕ್ಕೆ ನಿಲ್ಲಿಸಿ

1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಹೇಳಿತು. ಇಲ್ಲಿಗೆ ನಿಲ್ಲಿಸಿ, ನಂಬುತ್ತೀರಾ ಎಂದು ಕೇಳಿ. ಇಷ್ಟೊಂದು ಜನ ಹೇಳಿದ ಮೇಲೆ ಯಾರು ನಂಬುವುದಿಲ್ಲ? ಆದರೆ 48 ರಾಜ್ಯಗಳಲ್ಲಿ 46ನ್ನು ಗೆದ್ದವರು ರೂಸ್‌ವೆಲ್ಟ್. ವಿಳಾಸಗಳನ್ನು ಬಹುಪಾಲು ಟೆಲಿಫೋನ್ ಪುಸ್ತಕ ಮತ್ತು ಕಾರು ನೋಂದಣಿ ಪಟ್ಟಿಯಿಂದ ತೆಗೆದಿದ್ದರು ಎಂಬುದನ್ನು ಆಮೇಲೆ ತಿಳಿಸಿ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಯಾರ ಹತ್ತಿರ ಇತ್ತು? ಉತ್ತರ ಕಳಿಸದೆ ಇದ್ದವರು ಯಾರು? ಉಳಿದದ್ದನ್ನು ಮಕ್ಕಳೇ ಬಿಡಿಸುತ್ತಾರೆ.

7. ಕೇಳುವ ಪ್ರಶ್ನೆಯನ್ನೂ ಬದಲಿಸಿ

ಪಾಠ ಹೀಗೆ ಮಾಡಿ, ಪರೀಕ್ಷೆಯಲ್ಲಿ ಮಾತ್ರ ‘ಸರಾಸರಿ ಕಂಡುಹಿಡಿಯಿರಿ’ ಎಂದರೆ ಮಕ್ಕಳು ಮತ್ತೆ ಸೂತ್ರದ ಕಂಠಪಾಠಕ್ಕೇ ಹೋಗುತ್ತಾರೆ. ಅದರ ಜೊತೆಗೆ ಹೀಗೂ ಕೇಳಿ: ‘ಸರಾಸರಿಯೂ ಮಧ್ಯಾಂಕವೂ 30 ಆಗುವ ಐದು ಸಂಖ್ಯೆ ಬರೆಯಿರಿ. ಈಗ ಒಂದೇ ಸಂಖ್ಯೆ ಬದಲಿಸಿ ಸರಾಸರಿಯನ್ನು 34 ಮಾಡಿ, ಮಧ್ಯಾಂಕ ಅಲುಗಾಡಬಾರದು.’ ಇದಕ್ಕೆ ಸರಿಯುತ್ತರ ನೂರಾರು, ಒಬ್ಬರದು ಇನ್ನೊಬ್ಬರಂತೆ ಇರಬೇಕಿಲ್ಲ. ತಿದ್ದಲು ಸ್ವಲ್ಪ ಹೊತ್ತು ಜಾಸ್ತಿ ಬೇಕು. ಆದರೆ ಯಾವ ಮಗುವಿಗೆ ಎಲ್ಲಿ ಎಡವಟ್ಟಾಗುತ್ತಿದೆ ಎಂದು ಆ ಐದು ಸಂಖ್ಯೆ ನೋಡಿದರೇ ಗೊತ್ತಾಗುತ್ತದೆ.