ಮೊದ್ಲು ಮಾರಿ ನೋಡಿ, ಸಾಲ ಆಮೇಲೆ ತಗೊಳ್ಳಿ: ತುಮಕೂರಲ್ಲಿ ಸಣ್ಣದಾಗಿ ಬಿಸಿನೆಸ್ ಶುರು ಮಾಡೋರಿಗೆ

ಸ್ವಂತದ್ದು ಏನಾದ್ರೂ ಮಾಡ್ಬೇಕು ಅಂತ ಆಸೆ ಇದೆ ಆದ್ರೆ ಬಂಡವಾಳ ಇಲ್ಲ, ಈ ಮಾತು ನಮ್ಮ ಕಡೆ ಪ್ರತಿ ಮನೇಲೂ ಒಬ್ರಾದ್ರೂ ಹೇಳ್ತಾರೆ. ನನ್ನ ಪ್ರಕಾರ ದುಡ್ಡಿಲ್ಲ ಅನ್ನೋದಕ್ಕಿಂತ ದೊಡ್ಡ ತೊಂದ್ರೆ ಅಂದ್ರೆ ಕೆಲ್ಸದ ಕ್ರಮಾನೇ ಉಲ್ಟಾ ಆಗಿರೋದು. ಮೊದ್ಲು ಅಂಗಡಿ ನೋಡ್ತಾರೆ, ಅಡ್ವಾನ್ಸ್ ಕೊಡ್ತಾರೆ, ಬೋರ್ಡ್ ಬರೆಸ್ತಾರೆ, ಸಾಲ ಮಾಡಿ ಮಷೀನ್ ತರ್ತಾರೆ, ಒಳ್ಳೆ ದಿನ ನೋಡಿ ಪೂಜೆ ಮಾಡ್ತಾರೆ, ಇಷ್ಟೆಲ್ಲ ಆದ್ಮೇಲೆ ಗಿರಾಕಿ ಎಲ್ಲಿ ಅಂತ ಹುಡುಕೋಕೆ ಶುರು ಮಾಡ್ತಾರೆ, ಅಷ್ಟೊತ್ತಿಗೆ ಬಾಡಿಗೆ ಕಟ್ಟೋ ದಿನ ಬಂದಿರುತ್ತೆ. ಇದನ್ನ ತಿರುಗಿಸಿ ಹಾಕಿ. ಮೊದ್ಲು ಗಿರಾಕಿ, ಆಮೇಲೆ ಲೆಕ್ಕ, ಆಮೇಲೆ ಕಾಗದಪತ್ರ, ಸಾಲ ಕಟ್ಟಕಡೇಗೆ.

ಏನು ಮಾರೋದು ಅಂತ ಯೂಟ್ಯೂಬಲ್ಲಿ ಹುಡುಕೋ ಬದ್ಲು ಒಂದು ವಾರ ಊರನ್ನ ಸುಮ್ನೆ ನೋಡಿ. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್, ಬೆಳಗ್ಗೆ ಟ್ರೇನ್ ಹತ್ತಿ ಹೋಗೋರು ರಾತ್ರಿ ಸ್ಟೇಷನ್ನಲ್ಲಿ ಇಳಿಯೋ ಹೊತ್ತಿಗೆ ಸುಸ್ತಾಗಿರ್ತಾರೆ, ಮನೆಗೆ ಹೋಗಿ ತರಕಾರಿ ಹೆಚ್ಚಿ ಅಡುಗೆ ಮಾಡೋ ಶಕ್ತಿ ಎಷ್ಟು ಜನಕ್ಕಿರುತ್ತೆ ಹೇಳಿ? ಅಲ್ಲಿ ದೋಸೆ ಹಿಟ್ಟು, ಹೆಚ್ಚಿದ ತರಕಾರಿ, ಬಿಸಿ ಚಪಾತಿ ಪಲ್ಯ, ಏನು ಬೇಕಾದ್ರೂ ನಡಿಬಹುದು. ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜ್ ಸುತ್ತಮುತ್ತ ಪಿಜಿ ಹುಡುಗ್ರು ಹುಡುಗೀರಿಗೆ ಬಟ್ಟೆ ಐರನ್, ಮನೆ ಊಟ ಬೇಕು. ತಿಪಟೂರು ಕಡೆ ಕೊಬ್ಬರಿ ಇದೆ, ಗುಬ್ಬಿ ಕಡೆ ಹಲಸು ಇದೆ, ಹುಣಸೆ ಇದೆ, ಕಚ್ಚಾ ಮಾಲಿಗೆ ದೂರ ಹೋಗೋ ಹಾಗೇ ಇಲ್ಲ. ಮತ್ತೆ ಶುರುವಲ್ಲಿ ಒಂದೇ ಐಟಂ ಇಟ್ಕೊಳ್ಳಿ, ಇದನ್ನ ಒತ್ತಿ ಹೇಳ್ತೀನಿ. ಕ್ಯಾತ್ಸಂದ್ರ ಅಂದ ತಕ್ಷಣ ಎಲ್ರ ಬಾಯಲ್ಲೂ ಬರೋದು ತಟ್ಟೆ ಇಡ್ಲಿ ಒಂದೇ ಅಲ್ವಾ, ಹೈವೇಲಿ ಹೋಗೋರು ಅದಕ್ಕೇ ಅಂತ ಗಾಡಿ ನಿಲ್ಲಿಸ್ತಾರೆ. ಹತ್ತು ತರ ಮಾಡಿದ್ರೆ ಯಾವುದ್ರಲ್ಲಿ ಲಾಭ ಬಂತು ಯಾವುದ್ರಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ.

ಆಮೇಲೆ ಮನೇಲೇ ಸ್ವಲ್ಪ ಮಾಡಿ ಇಪ್ಪತ್ತು ಮನೆಗೆ ಮಾರಿ. ದುಡ್ಡಿಗೇ ಮಾರಿ, ಪುಕ್ಕಟೆ ಸ್ಯಾಂಪಲ್ ಬೇಡ. ಚಿಕ್ಕಮ್ಮ, ಅತ್ತಿಗೆ, ಫ್ರೆಂಡ್ಸ್ ಎಲ್ಲ ಚೆನ್ನಾಗಿದೆ ಅಂತಾನೇ ಹೇಳ್ತಾರೆ, ಪ್ರೀತಿಗೆ ಹೇಳ್ತಾರೆ ಪಾಪ, ಅದನ್ನ ನಂಬಿ ಮಷೀನ್ ತಗೋಬೇಡಿ. ಪರಿಚಯ ಇಲ್ದೆ ಇರೋರು ಒಂದ್ಸಲ ತಗೊಂಡು, ಹದಿನೈದು ದಿನ ಬಿಟ್ಟು ಅವರಾಗೇ ಫೋನ್ ಮಾಡಿ ಇನ್ನೊಂದು ಕಾಲು ಕೆಜಿ ಇದ್ಯಾ ಅಂತ ಕೇಳಿದ್ರೆ ಅದು ಗಿರಾಕಿ. ಇಪ್ಪತ್ತರಲ್ಲಿ ಏಳೆಂಟು ಜನ ಹಂಗೆ ವಾಪಸ್ ಬಂದ್ರೆ ಧೈರ್ಯವಾಗಿ ಮುಂದಕ್ಕೆ ಹೋಗಿ, ಯಾರೂ ಬರ್ಲಿಲ್ಲ ಅಂದ್ರೆ ರುಚಿನೋ ರೇಟೋ ಬದಲಾಯಿಸಿ ಇನ್ನೊಂದ್ಸಲ ನೋಡಿ, ಹೋಗೋದು ಕೆಲವು ಸಾವಿರ ಅಷ್ಟೇ. ಇಷ್ಟು ಮಾಡೋಕೆ ಇರೋ ಕೆಲ್ಸ ಬಿಡ್ಬೇಕಾಗಿಲ್ಲ, ಭಾನುವಾರ ಸಾಕು.

ಈಗ ಲೆಕ್ಕ, ಇಲ್ಲೇ ತುಂಬಾ ಜನ ಸೋಲೋದು ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಕೊಬ್ಬರಿ ಚಟ್ನಿಪುಡಿ ಅಂತ ಇಟ್ಕೊಳ್ಳಿ, 10 ಕೆಜಿ ಮಾಡ್ತೀರಿ. ರೇಟು ದಿನಾ ಏರಿಳಿಯುತ್ತೆ, ಇದು ಬರೀ ಉದಾಹರಣೆಗೆ: ಕೊಬ್ಬರಿ, ಹುರಿಗಡಲೆ, ಮೆಣಸಿನಕಾಯಿ, ಹುಣಸೆ, ಬೆಳ್ಳುಳ್ಳಿ ಎಲ್ಲ ಸೇರಿ 2,600, ಗ್ಯಾಸು ಮಿಲ್ಲು 250, ಕವರು ಲೇಬಲ್ಲು 350, ಪೆಟ್ರೋಲು 200. ಒಟ್ಟು 3,400, ಅಂದ್ರೆ ಕೆಜಿಗೆ 340 ಬಿತ್ತು, 450ಕ್ಕೆ ಮಾರಿದ್ರೆ 110 ಲಾಭ ಅಂತ ಖುಷಿ ಆಗುತ್ತೆ. ಆದ್ರೆ ಇಬ್ರು ಇಡೀ ದಿನ ಹುರಿದು ಪುಡಿ ಮಾಡಿ ಪ್ಯಾಕ್ ಮಾಡಿದ್ರಲ್ಲ, ಅವರ ಕೂಲಿ ಎಲ್ಲಿ? ಒಬ್ರಿಗೆ 500 ಹಾಕಿದ್ರೂ ಸಾವಿರ ಆಯ್ತು, ಉಳಿಯೋದು 100 ರೂಪಾಯಿ, ಹತ್ತು ಕೆಜಿಗೆ. ಇನ್ನು ಅಂಗಡಿಗೆ ಹಾಕಿದ್ರೆ ಅವರು 20 ಪರ್ಸೆಂಟ್ ಮಾರ್ಜಿನ್ ಕೇಳ್ತಾರೆ, ಆಗ ನಿಮ್ಮ ಕೈಗೆ ಬರೋದು ಕೆಜಿಗೆ 360, ಕೂಲಿ ಸಮೇತ ನಿಮಗೆ ಬಿದ್ದಿರೋದು 440. ಹೆಚ್ಚು ಮಾರಿದಷ್ಟೂ ಹೆಚ್ಚು ಲಾಸು! ಅಮ್ಮ, ಹೆಂಡ್ತಿ ಮನೇಲೇ ಇರ್ತಾರಲ್ಲ ಅವರ ಕೆಲ್ಸಕ್ಕೆ ಏನು ಕೂಲಿ ಅನ್ನೋರಿಗೆ ಒಂದೇ ಮಾತು ಹೇಳ್ತೀನಿ, ದಯವಿಟ್ಟು ಅವರ ಕೂಲಿನ ಪುಸ್ತಕದಲ್ಲಿ ಬರೆದು ತಿಂಗಳು ತಿಂಗಳು ಕೈಗೆ ಕೊಡಿ, ಅವರ ದುಡಿಮೆ ಮೇಲೇ ನಿಂತಿರೋ ಬಿಸಿನೆಸ್ಸು ಅದು. ಈ ಲೆಕ್ಕದಲ್ಲಿ ಅಂಗಡಿಗೆ ಹಾಕೋದಾದ್ರೆ ಎಂಆರ್‌ಪಿ 600 ಇಡ್ಬೇಕು, ಆಗ ಕೆಜಿಗೆ 40 ಉಳಿಯುತ್ತೆ. ನೇರವಾಗಿ ಮನೆಗಳಿಗೆ ಕೊಟ್ರೆ 520ಕ್ಕೇ 80 ಉಳಿಯುತ್ತೆ. ಮೊದಲ ಆರು ತಿಂಗಳು ನೇರ ಮಾರಿ ಅನ್ನೋದು ಇದಕ್ಕೇ. ಕೊಬ್ಬರಿ ಹಾಕಿದ ಪುಡಿ ಬೇಗ ಕಮಟು ಬರುತ್ತೆ ಅದೂ ನೆನಪಿರಲಿ, ಒಂದೇ ಸಲ ಜಾಸ್ತಿ ಮಾಡಿಡಬೇಡಿ, ವಾರಕ್ಕೆಷ್ಟು ಹೋಗುತ್ತೋ ಅಷ್ಟೇ.

ಅಂಗಡಿಗೆ ಹಾಕೋ ದಿನ ಬಂದಾಗ ಮಂಡಿಪೇಟೆ ಆಗ್ಲಿ ಬಡಾವಣೆ ಅಂಗಡಿ ಆಗ್ಲಿ, ಮಾರಾಟ ಆದ್ಮೇಲೆ ದುಡ್ಡು ಅಂತಾನೇ ಹೇಳ್ತಾರೆ. ಒಪ್ಕೊಳ್ಳಿ, ಆದ್ರೆ ಹಳೇ ಮಾಲಿನ ದುಡ್ಡು ಬಂದ್ಮೇಲೆನೇ ಹೊಸ ಮಾಲು ಇಳಿಸಿ, ನಗುನಗ್ತಾ ಹೇಳಿ ಆದ್ರೆ ಬಿಗಿಯಾಗಿರಿ.

ಕಾಗದಪತ್ರ ಅಂದ್ರೆ ಹೆದರ್ಕೋತಾರೆ, ಅಷ್ಟೇನಿಲ್ಲ. ಉದ್ಯಮ್ ರಿಜಿಸ್ಟ್ರೇಷನ್, ಅಂದ್ರೆ ಸಣ್ಣ ಉದ್ಯಮಗಳನ್ನ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸೋದು, 2020ರ ಜುಲೈಯಿಂದ ಇದೆ, ಆಧಾರ್, ಪ್ಯಾನ್ ಇದ್ರೆ ಸಾಕು, ಪೂರ್ತಿ ಉಚಿತ, ಸರ್ಕಾರದ ತರಾನೇ ಕಾಣೋ ಪ್ರೈವೇಟ್ ವೆಬ್‌ಸೈಟ್‌ಗಳು ಸಾವಿರಗಟ್ಟಲೆ ಕೇಳ್ತವೆ, ಕಟ್ಟಬೇಡಿ. ತಿನ್ನೋ ವಸ್ತು ಆದ್ರೆ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಅನುಮತಿ ಬೇಕೇ ಬೇಕು, ಸಣ್ಣವರಿಗೆ ಲೈಸೆನ್ಸ್ ಬೇಡ ರಿಜಿಸ್ಟ್ರೇಷನ್ ಸಾಕು. ಪ್ಯಾಕೆಟ್ ಮೇಲೆ ಏನೇನು ಹಾಕಿದೀರಿ, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನ ಇರುತ್ತೆ, ನಿಮ್ಮ ವಿಳಾಸ, ಹಸಿರು ಚುಕ್ಕಿ, ಎಫ್‌ಎಸ್‌ಎಸ್‌ಎಐ ಕೊಡೋ 14 ಅಂಕಿ ನಂಬರ್ ಇರಲಿ. ಅಂಗಡಿ ತೆರೆದ್ರೆ ಮಹಾನಗರ ಪಾಲಿಕೆ ಇಲ್ಲಾ ಪಂಚಾಯ್ತಿಯಿಂದ ಟ್ರೇಡ್ ಲೈಸೆನ್ಸ್.

ಜಿಎಸ್‌ಟಿ ಬಗ್ಗೆ: ವರ್ಷದ ವಹಿವಾಟು ವಸ್ತು ಮಾರೋರಿಗೆ 40 ಲಕ್ಷ, ಹೋಟ್ಲು ಸರ್ವಿಸ್ ಅಂಥವಕ್ಕೆ 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ರಿಜಿಸ್ಟ್ರೇಷನ್ ಬೇಡ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳ್ಸಿದಾಗ ಎಷ್ಟೋ ಜನ ಕ್ಯೂಆರ್ ಸ್ಟಿಕರ್ ಕಿತ್ತು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರು. ನೀವು ಹಂಗೆ ಮಾಡ್ಬೇಡಿ. ಬಿಸಿನೆಸ್ಸಿಗೆ ಬೇರೆ ಅಕೌಂಟ್ ಮಾಡಿ, ಮನೆ ಕರೆಂಟ್ ಬಿಲ್ಲು, ಕೈಗಡ, ಮದುವೆ ಮುಯ್ಯಿ ಇವೆಲ್ಲ ಅದರೊಳಗೆ ಬರಬಾರ್ದು, ತಂದ ಮಾಲಿನ ಬಿಲ್ಲುಗಳನ್ನ ಫೈಲ್ ಮಾಡಿಡಿ. ಆಗ ನೋಟಿಸ್ ಬಂದ್ರೂ ಉತ್ತರ ಕೊಡ್ಬಹುದು, ಮತ್ತೆ ನಾಳೆ ಸಾಲ ಕೇಳೋಕೆ ಹೋದಾಗ ಬ್ಯಾಂಕಿನವರಿಗೆ ತೋರ್ಸೋಕೆ ಅದೇ ಸ್ಟೇಟ್‌ಮೆಂಟ್ ಆಗುತ್ತೆ.

ಕೆಲ್ಸ ಗೊತ್ತಿಲ್ಲ ಕಲಿಬೇಕು ಅನ್ನೋರಿಗೆ ಆರ್‌ಸೆಟಿ ಇದೆ, ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸೋ ತರಬೇತಿ ಕೇಂದ್ರ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿ ಮೇಲೇ ದೇಶದ ತುಂಬಾ ಬಂದಿದ್ದು. ಟೈಲರಿಂಗು, ಮೊಬೈಲ್ ರಿಪೇರಿ, ಹೈನುಗಾರಿಕೆ ಅಂತ ಹಲವು ಕೋರ್ಸು, ಊಟ ವಸತಿ ಸಮೇತ ಉಚಿತ. ಹಳ್ಳಿ ಹುಡುಗ ಹುಡುಗೀರು ಇದನ್ನ ಬಿಡಲೇಬಾರದು.

ಕೊನೇಗೆ ಸಾಲ. ತಳ್ಳುಗಾಡಿ, ಬೀದಿ ವ್ಯಾಪಾರ ಆದ್ರೆ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲ, ಮೊದ್ಲು 15,000, ಸರಿಯಾಗಿ ಕಟ್ಟಿದ್ರೆ 25,000, ಆಮೇಲೆ 50,000, ಪಾಲಿಕೆಯ ಬೀದಿ ವ್ಯಾಪಾರಿ ಗುರುತಿನ ಕಾಗದ ಮಾಡಿಸ್ಕೊಳ್ಳಿ. ಸಣ್ಣ ಉದ್ಯಮಗಳಿಗೆ ಸಾಲ ಕೊಡೋ ಮುದ್ರಾ ಯೋಜನೇಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷ, ತರುಣ್ 10 ಲಕ್ಷ, ಅಡಮಾನ ಇಲ್ಲ. ಹೊಸ ಘಟಕಕ್ಕೆ ಸಾಲದ ಜೊತೆ ಸಬ್ಸಿಡಿ ಕೊಡೋ ಕೇಂದ್ರದ ಯೋಜನೆ ಪಿಎಂಇಜಿಪಿಲಿ ಸಬ್ಸಿಡಿ ಚೆನ್ನಾಗಿದೆ, ಹಳ್ಳಿಲಿ ಘಟಕ ಹಾಕಿದ್ರೆ ಜನರಲ್ ಕ್ಯಾಟಗರಿಯವರಿಗೆ 25 ಪರ್ಸೆಂಟ್, ಮಹಿಳೆಯರು ಎಸ್‌ಸಿ ಎಸ್‌ಟಿ ಒಬಿಸಿ ಅಲ್ಪಸಂಖ್ಯಾತರಿಗೆ 35, ಆದ್ರೆ ಅದು ಹೊಸ ಘಟಕಕ್ಕೆ ಮಾತ್ರ, ಆಗ್ಲೇ ನಡೀತಿರೋದಕ್ಕೆ ಕೊಡಲ್ಲ. ಹಾಗಾಗಿ ಇದರ ಮೇಲೆ ಕಣ್ಣಿದ್ರೆ, ಭಾನುವಾರದ ಟ್ರಯಲ್ ಮುಗಿಸಿ, ಉದ್ಯಮ್ ಮಾಡಿಸೋಕೆ ಮುಂಚೆನೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ, ಸಾಲ ಮಂಜೂರಾಗೋ ತನಕ ಮಷೀನ್ ಕೊಳ್ಳಬೇಡಿ. ಸಬ್ಸಿಡಿ ದುಡ್ಡು ಕೈಗೆ ಬರಲ್ಲ, ಮೂರು ವರ್ಷ ಬ್ಯಾಂಕಲ್ಲೇ ಡೆಪಾಸಿಟ್ ಆಗಿದ್ದು ಆಮೇಲೆ ಸಾಲಕ್ಕೆ ವಜಾ ಆಗುತ್ತೆ, ಕೈಗೆ ಕೊಡಿಸ್ತೀನಿ ಅಂತ ಕಮಿಷನ್ ಕೇಳೋ ಏಜೆಂಟ್ ಮಾತು ನಂಬಬೇಡಿ.

ಬ್ಯಾಂಕಿಗೆ ಹೋಗುವಾಗ ಆರು ತಿಂಗಳ ಸ್ಟೇಟ್‌ಮೆಂಟು, ಮಷೀನ್ ಕೊಟೇಶನ್ನು, ಆಧಾರ್, ಪ್ಯಾನು, ಮತ್ತೆ ವಾಪಸ್ ಬಂದು ತಗೊಂಡ ಗಿರಾಕಿಗಳ ಲೆಕ್ಕದ ಪುಸ್ತಕ ಹಿಡ್ಕೊಂಡು ಹೋಗಿ, ಕಂತು ಎಷ್ಟು ಬರುತ್ತೆ ಅಂತ ಅಲ್ಲೇ ಕೇಳಿ, ಈಗಿನ ತಿಂಗಳ ಲಾಭದ ಅರ್ಧಕ್ಕಿಂತ ಜಾಸ್ತಿ ಆದ್ರೆ ಸಾಲದ ಮೊತ್ತ ಕಮ್ಮಿ ಮಾಡ್ಕೊಳ್ಳಿ. ಮ್ಯಾನೇಜರ್ ಆಗಲ್ಲ ಅಂದ್ರೆ ಕಾರಣನ ಬರವಣಿಗೆಯಲ್ಲಿ ಕೊಡಿ ಸಾರ್ ಅಂತ ಮರ್ಯಾದೆಯಾಗಿ ಕೇಳಿ ತಗೊಂಡು, ಅದನ್ನ ಜಿಲ್ಲೆಯ ಬ್ಯಾಂಕುಗಳ ಕೆಲ್ಸ ಹೊಂದಿಸೋ ಲೀಡ್ ಬ್ಯಾಂಕ್ ಮ್ಯಾನೇಜರ್ ಆಫೀಸಲ್ಲಿ ತೋರ್ಸಿ, ಸಿಬಿಲ್ ಸ್ಕೋರ್ (ಹಿಂದಿನ ಸಾಲ ಹೇಗೆ ಕಟ್ಟಿದೀರಿ ಅಂತ ತೋರ್ಸೋ ಅಂಕ) ಸಮಸ್ಯೆ ಅಂದ್ರೆ ಹಳೇ ಬಾಕಿ ಯಾವುದು ಅಂತ ರಿಪೋರ್ಟ್ ತೆಗೆಸಿ ನೋಡಿ ಮೊದ್ಲು ಅದನ್ನ ಕಟ್ಟಿ ಮುಗಿಸಿ.