ಜಗಲಿ ಮೇಲೆ ಗಟ್ಟಿಯಾಗಿ ಓದುತ್ತಾ ಸಿಕ್ಕ ಪುಸ್ತಕಗಳು

ನಾನು ಕಾದಂಬರಿ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ಮದುವೆಯಾಗಿ ಸಾಗರದ ಹತ್ತಿರದ ಈ ಹಳ್ಳಿಗೆ ಬಂದ ಮೇಲೂ ಅಷ್ಟೇ. ಪೇಟೆಗೆ ಹೋದಾಗ ಲೈಬ್ರರಿಯಲ್ಲಿ ಅದೇ ಕಪಾಟಿನ ಮುಂದೆ ನಿಂತು, ಅದೇ ನಾಲ್ಕೈದು ಜನ ಬರೆದಿದ್ದನ್ನು ತರುತ್ತಿದ್ದೆ. ನಾಟಕ ಅಂದರೆ ನೋಡೋದು, ಓದೋದಲ್ಲ ಅಂದುಕೊಂಡಿದ್ದೆ. ಮಕ್ಕಳ ಪುಸ್ತಕ ಮಕ್ಕಳಿಗೆ, ಬೈಬಲ್ ಇಗರ್ಜಿಗೆ ಹೋಗುವವರಿಗೆ. ಈಗ ಈ ಮೂರೂ ನನ್ನ ತಲೆದಿಂಬಿನ ಪಕ್ಕ ಇವೆ. ಅದು ಹೇಗಾಯ್ತು ಅಂತ ಇಬ್ಬರು ಮೂವರು ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಮಕ್ಕಳಿಂದ. 2020ರ ನವೆಂಬರ್‌ನಲ್ಲಿ ಸರ್ಕಾರ 'ಓದುವ ಬೆಳಕು' ಅಂತ ಶುರು ಮಾಡಿ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕೊರೊನಾ ಕಾಲ, ನೆನಪಿದೆ ಅಲ್ವಾ? ನನ್ನ ಮಗ, ಅಕ್ಕಪಕ್ಕದ ಮನೆಯ ಹುಡುಗರು ಪುಸ್ತಕವನ್ನೇನೋ ತರುತ್ತಿದ್ದರು, ಚಿತ್ರ ನೋಡಿ ಹಾಗೇ ವಾಪಸ್ ಕೊಟ್ಟು ಬರುತ್ತಿದ್ದರು. ಶನಿವಾರ ಸಂಜೆ ನಮ್ಮ ಜಗಲಿಗೆ ಬನ್ನಿ, ನಾನೇ ಓದಿ ಹೇಳ್ತೀನಿ ಅಂದೆ.

ಮೊದಲ ವಾರ ಒಂಬತ್ತು ಮಕ್ಕಳು ಬಂದಿದ್ದರು. ಒಂದು ನೀತಿಕಥೆ ಪುಸ್ತಕ ತೆಗೆದುಕೊಂಡು, ತಲೆ ಬಗ್ಗಿಸಿ ಓದುತ್ತಾ ಹೋದೆ. ಎರಡನೇ ಪುಟ ಮುಗಿಸಿ ತಲೆ ಎತ್ತಿದರೆ ಮೂವರು ಉಳಿದಿದ್ದರು. ಅವತ್ತು ರಾತ್ರಿ ತುಂಬಾ ಬೇಜಾರಾಯ್ತು. ಆಮೇಲೆ ಯೋಚಿಸಿದರೆ ತಪ್ಪು ಗೊತ್ತಾಯಿತು. ಆ ಪುಸ್ತಕವನ್ನು ನಾನು ಮೊದಲು ಓದಿಯೇ ಇರಲಿಲ್ಲ, ನನಗೇ ಅದು ಇಷ್ಟವಾಗಿರಲಿಲ್ಲ. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಶುಕ್ರವಾರ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಮರುದಿನದ ಪುಸ್ತಕವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡುತ್ತೇನೆ. ನಾಲಿಗೆ ಎಡವುವ ಕಡೆ ಪೆನ್ಸಿಲ್ ಗುರುತು ಹಾಕುತ್ತೇನೆ. ಓದುತ್ತಾ ನನಗೇ ಖುಷಿಯಾಗದ ಪುಸ್ತಕವನ್ನು ಎತ್ತಿಡುತ್ತೇನೆ.

ಮುಂದಿನ ವಾರ ಓದಿದ್ದು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆ ಅದು. ಬ್ರೌನಿಂಗ್ ಇಂಗ್ಲಿಷಿನಲ್ಲಿ ಪದ್ಯ ಮಾಡಿದ್ದನ್ನು ಕುವೆಂಪು ನಮ್ಮ ತುಂಗೆಯ ದಡಕ್ಕೆ ತಂದು ಕೂರಿಸಿದರು. ಇಲಿಗಳ ಸಾಲು ಬಂತು ನೋಡಿ, ನಮ್ಮ ಮಕ್ಕಳಿಗೆ ಇಲಿ ಅಂದರೆ ಅಟ್ಟದ ಮೇಲೆ ದಿನಾ ರಾತ್ರಿ ಓಡಾಡುವ ಜೀವ, ಅದು ಏನೇನು ತಿನ್ನುತ್ತೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಬ್ಬ ಎದ್ದು ಕಂಬಳಿ ಹೊದ್ದು ಇಲಿಯಾದ. ಆಮೇಲೆ ಎಲ್ಲರೂ ಇಲಿಗಳೇ. ಅಡಿಕೆ ಹಾಳೆ ಬಡಿಯುತ್ತಾ ಅಂಗಳದ ತುಂಬಾ ಮೆರವಣಿಗೆ ಹೊರಟರು. ನಾನು ಅದೇ ಸಾಲುಗಳನ್ನು ನಾಲ್ಕು ಸಲ ಓದಬೇಕಾಯಿತು.

ಇವರಿಗೆ ಪಾರ್ಟು ಬೇಕು ಅಂತ ಅವತ್ತೇ ಅರ್ಥವಾಗಿದ್ದು. ಪಾರ್ಟು ಬೇಕಾದರೆ ನಾಟಕದ ಪುಸ್ತಕ ಬೇಕು.

ನಾಟಕ ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ, ಹೆಗ್ಗೋಡು ಇದೆ. 1949ರಲ್ಲಿ ನೀನಾಸಂ ಅನ್ನುವ ನಾಟಕ ಸಂಸ್ಥೆ ಹುಟ್ಟಿದ ಊರು. ಕೆ.ವಿ. ಸುಬ್ಬಣ್ಣನವರು ಅಲ್ಲಿಂದಲೇ ಅಕ್ಷರ ಪ್ರಕಾಶನವನ್ನೂ ನಡೆಸಿದರು. ಇಷ್ಟು ಹತ್ತಿರ ಇದ್ದೂ ನಾನು ಅಲ್ಲಿ ನಾಟಕದ ಪುಸ್ತಕ ಮುಟ್ಟಿ ನೋಡಿರಲಿಲ್ಲ. ನನಗೆ ಕೆಲಸಕ್ಕೆ ಬಂದ ದಾರಿ ಹೇಳುತ್ತೇನೆ. ನೀನಾಸಂನವರು ಊರೂರು ಸುತ್ತಿ ಆಡುವ 'ತಿರುಗಾಟ'ದ ನಾಟಕವೋ ಮತ್ಯಾವುದೋ ನೋಡಿ ಬಂದರೆ, ಒಂದು ವಾರದೊಳಗೆ ಅದೇ ನಾಟಕದ ಪುಸ್ತಕ ಓದಿಬಿಡಿ. ನಟರ ದನಿ ಇನ್ನೂ ಕಿವಿಯಲ್ಲಿರುತ್ತದೆ, ಪುಟದ ಮೇಲಿನ ಮಾತು ತಾನಾಗೇ ಎದ್ದು ಓಡಾಡುತ್ತದೆ. ಗಿರೀಶ ಕಾರ್ನಾಡರ 'ತುಘಲಕ್' ಓದಲು ನನಗೆ ಧೈರ್ಯ ಬಂದಿದ್ದು ಹೀಗೇ.

ಗುಂಪಿನಲ್ಲಿ ಓದುವುದಾದರೆ ಎಲ್ಲರಿಗೂ ಪ್ರತಿ ಬೇಕಿಲ್ಲ. ಮೂರು ಇದ್ದರೆ ಸಾಕು. ಕಂಸದೊಳಗಿನ ವಿವರಗಳನ್ನು, ಅಂದರೆ ಯಾರು ಬಂದರು, ಯಾರು ಹೋದರು ಅನ್ನುವುದನ್ನು ಒಬ್ಬರೇ ಓದಬೇಕು. ಇಲ್ಲದಿದ್ದರೆ ಕೇಳುವವರಿಗೆ ಗೊಂದಲ.

ಅಡಿಕೆ ಸುಗ್ಗಿ ಬಂತು. ರಾತ್ರಿ ಚಪ್ಪರದಲ್ಲಿ ಎಂಟು ಹತ್ತು ಹೆಂಗಸರು ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುತ್ತಿದ್ದರು. ಮಕ್ಕಳು ಅಲ್ಲಿಗೇ ಬಂದು ಕೂತರು. ನಾನು 'ಜಲಗಾರ' ತಂದಿದ್ದೆ. ಕುವೆಂಪು ಅವರ ಸಣ್ಣ ನಾಟಕ. ಊರವರೆಲ್ಲ ದೇವಸ್ಥಾನದ ಕಡೆ ಹೋಗುತ್ತಾರೆ, ಬೀದಿ ಗುಡಿಸುವವನು ಮಾತ್ರ ತನ್ನ ಕೆಲಸದಲ್ಲೇ ಉಳಿಯುತ್ತಾನೆ, ಕೊನೆಗೆ ಶಿವ ಅವನ ಹತ್ತಿರ ತಾನೂ ಜಲಗಾರನಾಗಿಯೇ ಬರುತ್ತಾನೆ. ಆ ಜಾಗಕ್ಕೆ ಬಂದಾಗ ಕತ್ತಿಯ ಸದ್ದು ಒಂದೊಂದಾಗಿ ನಿಂತಿತು.

ಸುಲಿಯಲು ಬರುತ್ತಿದ್ದವರಲ್ಲಿ ಒಬ್ಬರು ಅಜ್ಜಿ. ಮನೆಯಲ್ಲಿ ಕೊಂಕಣಿ, ಭಾನುವಾರ ತಪ್ಪದೆ ಇಗರ್ಜಿ. ಕಣ್ಣು ಮಂಜಾಗಿದ್ದರೂ ಕೈ ಅಂದಾಜಿನಲ್ಲೇ ಅಡಿಕೆ ಸುಲಿಯುತ್ತಿತ್ತು. ನಾಟಕ ಮುಗಿದ ಮೇಲೆ ಅವರು ಅಂದರು: "ನಮ್ಮಲ್ಲೂ ಹೀಗೇ ಮಾರಾಯ್ತಿ. ಯೇಸು ಶಿಷ್ಯರ ಕಾಲು ತೊಳೆದವನು. ಗುಡ್ ಫ್ರೈಡೆ ಹಿಂದಿನ ದಿನ ಫಾದರ್ ಇವತ್ತಿಗೂ ಜನರ ಕಾಲು ತೊಳೀತಾರೆ. ಅದನ್ನು ಓದಿ ಹೇಳ್ತೀಯಾ? ನನಗೆ ಅಕ್ಷರ ಕಾಣ್ಸಲ್ಲ."

ನಾನು ಬೈಬಲ್ ಕೈಗೆ ತೆಗೆದುಕೊಂಡಿದ್ದು ಹಾಗೆ. ಮರುದಿನ ಅವರ ಮನೆಗೇ ಹೋದೆ. ರಟ್ಟಿನ ಮೂಲೆ ಸವೆದ ಕನ್ನಡ ಬೈಬಲ್, ಒಳಗೆ ಗಂಡನ ಫೋಟೋ. ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯ. ಗುರು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ ಕೂರುತ್ತಾನೆ. ಶಿಷ್ಯ ಪೇತ್ರ ನನ್ನ ಕಾಲು ಮುಟ್ಟಬೇಡಿ ಅನ್ನುತ್ತಾನೆ. ಆಮೇಲೆ ಹಾಗಾದರೆ ಕಾಲೊಂದೇ ಅಲ್ಲ, ಕೈ, ತಲೆ ಎಲ್ಲಾ ತೊಳೀರಿ ಅನ್ನುತ್ತಾನೆ. ನಾಟಕ ಓದಿ ಅಭ್ಯಾಸವಾಗಿದ್ದಕ್ಕೇ ಇರಬೇಕು, ಆ ಇಬ್ಬರ ದನಿ ನನಗೆ ಬೇರೆ ಬೇರೆಯಾಗಿ ಕೇಳಿಸಿತು. ನಾನು ಇನ್ನೊಬ್ಬರ ದೇವರ ಪುಸ್ತಕ ಓದುತ್ತಿದ್ದೇನೆ ಅನ್ನುವ ಅಂಜಿಕೆ ಬರುವಾಗ ಇತ್ತು, ಎದ್ದು ಹೊರಡುವಾಗ ಇರಲಿಲ್ಲ. ಅಜ್ಜಿ ಕಣ್ಣು ಮುಚ್ಚಿ, ನನಗಿಂತ ಒಂದು ಮಾತು ಮುಂದೆಯೇ ತುಟಿ ಆಡಿಸುತ್ತಿದ್ದರು.

ಅಲ್ಲಿಂದ ದಾರಿ ತಾನಾಗೇ ತೆರೆಯಿತು. ಗೋವಿಂದ ಪೈಗಳು 1937ರಲ್ಲೇ ಕ್ರಿಸ್ತನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಅನ್ನುವ ಕಾವ್ಯ ಬರೆದಿದ್ದಾರೆ ಅಂತ ಗೊತ್ತಾಯಿತು. ಭಾಷೆ ಕಷ್ಟ, ಒಂದು ಸಂಜೆಗೆ ಇಪ್ಪತ್ತು ಸಾಲು ದಾಟಿದರೆ ಜಾಸ್ತಿ. ನಮ್ಮ ಸಾಗರದ ನಾ. ಡಿಸೋಜರನ್ನು ಮಾತ್ರ ನಾನು ತಡವಾಗಿ ಓದಿದೆ, ಆ ಬೇಸರ ಇನ್ನೂ ಇದೆ. 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಬರೆದವರೇ ಮಕ್ಕಳಿಗಾಗಿ 'ಮುಳುಗಡೆಯ ಊರಿಗೆ ಬಂದವರು' ಬರೆದರು. ನಾನು ಬೇರೆ ಬೇರೆ ಕಪಾಟು ಅಂದುಕೊಂಡಿದ್ದು ಅವರ ಒಂದೇ ಮೇಜಿನ ಮೇಲಿತ್ತು. ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಮತ್ತೆ ತೆಗೆದೆ. ಪಾದ್ರಿಯ 'ಬೀಸೆಕಲ್ಲು' (ಹಳ್ಳಿಯವರ ಬಾಯಲ್ಲಿ ಬೈಸಿಕಲ್ಲು) ಸವಾರಿ ಮೊದಲು ಓದಿದಾಗ ಬರೀ ತಮಾಷೆಯಾಗಿತ್ತು. ಈ ಸಲ, ಪಾದ್ರಿಯ ಮತಕ್ಕೆ ಸೇರಲೋ ಬೇಡವೋ ಅನ್ನುವ ಬೆಟ್ಟಳ್ಳಿಯ ದೇವಯ್ಯನ ಒಳಗಿನ ಹೊಯ್ದಾಟವೂ ಕಂಡಿತು.

ಮಳೆಗಾಲದ ಬಗ್ಗೆ ಒಂದು ಮಾತು. ಇಲ್ಲಿ ಆಷಾಢದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಒತ್ತಿ ಇಡಬೇಡಿ. ಬಿಸಿಲು ಬಿದ್ದ ದಿನ ಹೊರಗೆ ತೆಗೆದು ಪುಟ ಬಿಡಿಸಿ ಗಾಳಿಗೆ ಇಡಿ.

ಈ ಸುಗ್ಗಿಗೆ 'ರಕ್ತಾಕ್ಷಿ' ತೆಗೆದಿಟ್ಟಿದ್ದೇನೆ. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ಟನ್ನು ಕುವೆಂಪು ಬಿದನೂರಿಗೆ, ಅಂದರೆ ಈಗ 'ನಗರ' ಅನ್ನುವ ಊರಿಗೆ, ತಂದ ನಾಟಕ. ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಓದುವ ಮೊದಲು ನಗರದ ಕೋಟೆಗೆ ಕರೆದುಕೊಂಡು ಹೋಗಿ ಅಂತ ಹಟ ಹಿಡಿದಿದ್ದಾರೆ. ರಾಣಿಯ ಪಾರ್ಟು ತನಗೇ ಬೇಕು ಅಂತ ಅಜ್ಜಿ ಹೇಳಿದ್ದಾರೆ. ಅಕ್ಷರ ಕಾಣುವುದಿಲ್ಲ, ಬಾಯಿಪಾಠ ಮಾಡಿಸಬೇಕು. ಸೋಮವಾರದಿಂದ ದಿನಾ ಸಂಜೆ ಅರ್ಧ ಗಂಟೆ ಅವರ ಮನೆಗೆ ಹೋಗುತ್ತೇನೆ.