ಕೇಸ್ ಬಿರಿದದ್ದಕ್ಕೆ ಕೋವಿ ಬದಲಾಯಿಸಲಿಲ್ಲ

ಕೆನಡಾದ ಆಲ್ಬರ್ಟಾದಲ್ಲಿ ಜಿಂಕೆ ಬೇಟೆಗೆ ನನ್ನದು ಲೀ-ಎನ್‌ಫೀಲ್ಡ್ ನಂಬರ್ 4. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆನಡಾದ ಲಾಂಗ್ ಬ್ರ್ಯಾಂಚ್ ಕಾರ್ಖಾನೆಯಲ್ಲಿ ತಯಾರಾದದ್ದು. ಮುಂಭಾಗದ ಮರದ ಹೊದಿಕೆ ಕುಯ್ದು ಯಾರೋ ಅದನ್ನು ಬೇಟೆ ಕೋವಿ ಮಾಡಿದ್ದರು. ಗುರಿ ಚೆನ್ನಾಗಿತ್ತು, ಕೇಸ್‌ಗಳು, ಅಂದರೆ ತೋಟೆಯ ಹಿತ್ತಾಳೆ ಕವಚಗಳು, ಮಾತ್ರ ಬಿರಿಯುತ್ತಿದ್ದವು. ಚೇಂಬರ್ (ತೋಟೆ ಕೂರುವ ಗೂಡು) ಹೋಗಿದೆ, ಗೋಡೆಗೆ ನೇತುಹಾಕು ಅಂದರು ರೇಂಜಿನ ಹಿರಿಯರು. ಒಬ್ಬ ಗನ್‌ಸ್ಮಿತ್ ಹೊಸ ಬ್ಯಾರೆಲ್‌ಗೆ ಹೇಳಿದ ರೇಟಿಗೆ ಇಂಥವೇ ಎರಡು ಕೋವಿ ಬರುತ್ತಿದ್ದವು!

ನಾನು ಬಿರಿದ ಕೇಸ್‌ಗಳನ್ನು ಬಿಸಾಡದೆ ಡಬ್ಬಿಯಲ್ಲಿ ಇಟ್ಟೆ. ಒಂದು ಸಂಜೆ ಎಲ್ಲ ಸುರಿದು, ಬಿರುಕು ಎಲ್ಲಿದೆ ಅಂತ ನೋಡಿ ಬೇರೆ ಮಾಡಿದೆ. ಕೆಲವದರಲ್ಲಿ ನೆಕ್, ಅಂದರೆ ಗುಂಡನ್ನು ಹಿಡಿಯುವ ಕತ್ತು, ಉದ್ದಕ್ಕೆ ಸೀಳಿತ್ತು. ಉಳಿದವುಗಳಲ್ಲಿ ರಿಮ್‌ನಿಂದ (ಬುಡದ ಅಂಚಿನಿಂದ) ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ, ಒಂದೆರಡರಲ್ಲಿ ಆ ಗೆರೆಯೇ ಬಾಯಿಬಿಟ್ಟಿತ್ತು. ಎಲ್ಲರೂ ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡಿದ್ದರು.

ನೆಕ್ ಸೀಳಿದ ಲಾಟಿನಲ್ಲೇ ಉಳಿದ ಕೇಸ್‌ಗಳನ್ನು ಗೆಳೆಯನ 303ರಲ್ಲಿ (ಇದೇ ತೋಟೆಯ ಇನ್ನೊಂದು ಕೋವಿ) ಹೊಡೆಸಿದೆ. ಅಲ್ಲೂ ಸೀಳಿತು. ಅಂದರೆ ಕೋವಿಯ ತಪ್ಪಲ್ಲ. ಎಷ್ಟೋ ಸಲ ಮತ್ತೆ ಮದ್ದು, ಗುಂಡು ತುಂಬಿಸಿ ರೀಲೋಡ್ ಆಗಿ ಗಡುಸಾದ ಹಳೇ ಹಿತ್ತಾಳೆ. ಉಳಿದವುಗಳ ನೆಕ್ಕನ್ನು ಗ್ಯಾಸ್ ಟಾರ್ಚ್‌ನಲ್ಲಿ ಅನೀಲ್ ಮಾಡಿದೆ, ಅಂದರೆ ಕಾಯಿಸಿ ಮೆತ್ತಗೆ ಮಾಡಿದೆ, ಆ ಕಾಟ ಹೆಚ್ಚುಕಡಿಮೆ ನಿಂತಿತು.

ದುಡ್ಡು ತಿಂದದ್ದು ಗೆರೆ. ತೋಟೆಯ ಹಿಂದೆ ಸಂದು ಹೆಚ್ಚಿದೆ ಅಂದುಕೊಂಡು ಮೊದಲು ತಂದದ್ದು 2ನೇ ನಂಬರಿನ ಬೋಲ್ಟ್ ಹೆಡ್ (ತೋಟೆಯ ಬುಡಕ್ಕೆ ಒತ್ತುವ ಬೋಲ್ಟಿನ ತುದಿ), ಸುಮಾರು 40 ಡಾಲರ್. ಅಳೆದರೆ ಹಳೆಯದಕ್ಕಿಂತ ಕೂದಲೆಳೆಯಷ್ಟೂ ಉದ್ದ ಇಲ್ಲ. ಮೇಲಿನ ನಂಬರ್ ಅಂದರೆ ಉದ್ದ ಜಾಸ್ತಿ ಅಂತ ನಂಬಬೇಡಿ, ಕ್ಯಾಲಿಪರ್ ಹಿಡಿದೇ ಕೊಳ್ಳಿ. ಆಮೇಲೆ 3ನೇ ನಂಬರ್, ಅದರ ಎರಡರಷ್ಟು ಬೆಲೆ. ಗೇಜ್‌ನಲ್ಲಿ ಹೆಡ್‌ಸ್ಪೇಸ್, ಅಂದರೆ ರಿಮ್ ಕೂರಲು ಬೋಲ್ಟ್ ಮುಂದೆ ಉಳಿಯುವ ಜಾಗ, ಸರಿಹೋಯಿತು. ಆದರೂ ಮೂರನೆಯೋ ನಾಲ್ಕನೆಯೋ ಲೋಡಿಗೆ ಗೆರೆ ಮತ್ತೆ ಹಾಜರ್.

ಆಗ ಅನುಮಾನ ಡೈ ಮೇಲೆ, ಅಂದರೆ ಹೊಡೆದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚಿನ ಮೇಲೆ, ಹೋಯಿತು. 303 ನಿಲ್ಲುವುದು ರಿಮ್ ಮೇಲೆ. ಕೆಸರು ಮೆತ್ತಿದ ತೋಟೆಯೂ ಹೋಗಲಿ ಅಂತ ಚೇಂಬರನ್ನು ಸಡಿಲವಾಗಿ ಕೊರೆದಿರುತ್ತಾರೆ. ಇಡೀ ಕೇಸನ್ನು ಒತ್ತುವ ಫುಲ್ ಲೆಂಗ್ತ್ ಡೈ ಪ್ರತಿ ಸಲ ಶೋಲ್ಡರನ್ನು (ನೆಕ್ ಕೆಳಗಿನ ಇಳಿಜಾರನ್ನು) ಹಿಂದಕ್ಕೆ ತಳ್ಳುತ್ತದೆ, ಹೊಡೆದಾಗ ಕೇಸ್ ಮತ್ತೆ ಹಿಗ್ಗುತ್ತದೆ. ಹೀಗೆ ಬುಡದ ಹತ್ತಿರ ತೆಳುವಾಗದೆ ಇನ್ನೇನಾಗುತ್ತದೆ?

ಪಿಪಿಯು ಕಂಪನಿಯ ಹೊಸ ಕೇಸ್ ನೂರು ತಂದೆ, 90 ಡಾಲರ್ ಆಸುಪಾಸು. ಮೊದಲ ಹೊಡೆತಕ್ಕೆ ರಿಮ್‌ನ ಮುಂದೆ ರಬ್ಬರ್ ಓ-ರಿಂಗ್ ಹಾಕಿದೆ. ಅದು ಕೇಸನ್ನು ಬೋಲ್ಟ್‌ಗೆ ಒತ್ತಿ ಹಿಡಿಯುತ್ತದೆ. ಆಮೇಲೆ ಬರೀ ನೆಕ್ ಸೈಜಿಂಗ್, ಅಂದರೆ ಡೈನಲ್ಲಿ ನೆಕ್ಕನ್ನಷ್ಟೇ ಒತ್ತುವುದು. ರಿಂಗಿನ ಅಳತೆ ಕೇಳಬೇಡಿ, ಸರಿಯಾದದ್ದು ಸಿಗಲು ಅರ್ಧ ಪ್ಲಂಬಿಂಗ್ ಅಂಗಡಿ ಖಾಲಿ ಮಾಡಿದ್ದೇನೆ. ಈಗ ಹತ್ತರ ಮೇಲೆ ಲೋಡ್ ಆಗಿವೆ. ಕೊಕ್ಕೆ ಮಾಡಿದ ತಂತಿಯಿಂದ ಒಳಗೆ ಕೆರೆದರೆ ಎಲ್ಲೂ ಗುಳಿ ತಗಲುವುದಿಲ್ಲ. ತಗುಲಿದರೆ ಆ ಕೇಸ್ ಗುಜರಿಗೆ, ಜುಗ್ಗತನ ಬೇಡ. ಫೀಲ್ಡ್ ಗೇಜ್ (ಹೆಡ್‌ಸ್ಪೇಸ್‌ನ ಕೊನೆ ಮಿತಿ ನೋಡುವ ಗೇಜ್) ಮೇಲೆ ಬೋಲ್ಟ್ ಮುಚ್ಚುವ ಕೋವಿಗೆ ಈ ದಾರಿ ಅಲ್ಲ, ಅಲ್ಲಿ ಹಿರಿಯರ ಮಾತೇ ಸರಿ.

ಇದರ ಮಧ್ಯೆ ಇನ್ನೊಂದು ಹುಚ್ಚು. ಬ್ರಿಟಿಷರ ಕಾಲದಲ್ಲಿ ಭಾರತದ ಕುದುರೆಲಾಯಗಳಲ್ಲಿಟ್ಟ ತೋಟೆಗಳು ಮಳೆಗಾಲದಲ್ಲಿ ತಾವೇ ಬಿರಿಯುತ್ತಿದ್ದವಂತೆ. ಕುದುರೆ ಗಂಜಲದ ಅಮೋನಿಯಾ, ಹಿತ್ತಾಳೆಯೊಳಗೆ ಉಳಿದ ಬಿಗಿತ ಎರಡೂ ಸೇರಿ ಹೀಗೆ ಅಂತ 1921ರಲ್ಲಿ ಗೊತ್ತಾಯಿತು. ನಾನೂ ಸುಮ್ನೆ ಹಳೇ ಕೇಸ್ ಕೆಲವನ್ನು ಅಮೋನಿಯಾ ಬಾಟಲಿಯ ಮೇಲೆ ತೂಗುಬಿಟ್ಟೆ. ಅನೀಲ್ ಮಾಡದವು ನೆಕ್‌ನಲ್ಲಿ ಬಿರಿದವು, ಮಾಡಿದವು ಬರೀ ಕಪ್ಪಾದವು. ಅವತ್ತೇ ಅಮೋನಿಯಾ ಇರುವ ಬ್ರಾಸ್ ಪಾಲಿಶ್ ನನ್ನ ಬೆಂಚಿನಿಂದ ಆಚೆ ಹೋಯಿತು.